ಒಳ್ಳೆ ಮಣ್ಣು

ನಮ್ಮ ಬೀದಿಯ ಅಂಗಳಗಳಿಗೆ ಇರುವೆ ಬರುತ್ತಿರಲಿಲ್ಲ. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ, ನನಗೇನು. ಪಕ್ಕದ ಬೀದಿಯ ಹುಡುಗರು ಚಡ್ಡಿಯೊಳಗೆ ಕೆಂಪಿರುವೆ ಹೊಕ್ಕು ಕುಣಿದಾಡುತ್ತಿದ್ದಾಗ ನಾವು ನಮ್ಮ ಅಂಗಳದಲ್ಲಿ ಅಂಗಾತ ಮಲಗಿ ಮೋಡ ನೋಡುತ್ತಿದ್ದೆವು. ಕಪ್ಪು ನೆಲ, ಒರೆಸಿಟ್ಟ ಸ್ಲೇಟಿನಂಥದ್ದು. ಹುಡುಕಿದರೂ ಒಂದು ಹುಲ್ಲಿನೆಸಳು ಸಿಗದು. ಮಳೆ ಬಂದರೆ ಕೆಸರಾಗದು, ಬಿಸಿಲಿಗೆ ಧೂಳೇಳದು. ಗೋಲಿ ಹೊಡೆದರೆ ಹೊಡೆದ ಕಡೆಗೇ ಹೋಗುತ್ತಿತ್ತು. ಬೇರೆ ಬೀದಿಗಳಲ್ಲಿ ಆಗುವ ಹಾಗೆ ಕಲ್ಲಿಗೆ ತಾಗಿ ಸೊಟ್ಟ ತಿರುಗಿ ಜಗಳ ಹಚ್ಚುತ್ತಿರಲಿಲ್ಲ. ಅದಕ್ಕೇ ಗೋಲಿಯಾಟದಲ್ಲಿ ನಾವು ಮೋಸಗಾರರು ಎಂದು ಸುತ್ತಮುತ್ತಲೆಲ್ಲ ಹೆಸರಾಗಿತ್ತು. ಮೋಸ ಗೊತ್ತಿರಲಿಲ್ಲವೆಂದಲ್ಲ. ಅದರ ಅಗತ್ಯ ಬೀಳುತ್ತಿರಲಿಲ್ಲ, ಅಷ್ಟೆ.

ಸಂಜೆಯಾದರೆ ಆ ನೆಲ ಹಗಲಿನ ಬಿಸಿಲನ್ನೆಲ್ಲ ಒಳಗಿಟ್ಟುಕೊಂಡು ಬೆಚ್ಚಗಿರುತ್ತಿತ್ತು. ಅಮ್ಮ ಚಾಪೆಯನ್ನೂ ಹಾಸದೆ ಅದರ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಅಕ್ಕ ಅವಳ ತೊಡೆಯ ಮೇಲೆ ತಲೆಯಿಟ್ಟು ಹೇನು ತೆಗೆಸಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ಟೈಲರ್ ಅತ್ತೆ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಸೂಜಿ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ನಾನು ಸೀಮೆಸುಣ್ಣದಲ್ಲಿ ನೆಲದ ತುಂಬ ಲಾರಿ ಬರೆಯುತ್ತಿದ್ದೆ. ನೆಲದಿಂದ ಒಂದು ವಾಸನೆ ಏಳುತ್ತಿತ್ತು. ಸೀಮೆಎಣ್ಣೆಯದಲ್ಲ, ಕಳಿತ ಹಣ್ಣಿನದೂ ಅಲ್ಲ, ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಮರೆತ ಹಾಗೆ. ಸಂಜೆ ಹೊತ್ತು ಎಲ್ಲರ ಮನೆಯ ಮುಂದೆಯೂ ಹಾಗೇ ವಾಸನೆ ಬರುತ್ತದೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಆ ಮಣ್ಣು ತಂದು ಹಾಕಿದ್ದು ನನ್ನಪ್ಪ.

ಅಪ್ಪ ಡಿಪೋದ ಲಾರಿ ಡ್ರೈವರು. ಡಿಪೋ ಅಂದರೆ ಸೈನ್ಯದ ಗಾಡಿಗಳನ್ನು ಬಿಚ್ಚಿ, ತೊಳೆದು, ಬಣ್ಣ ಬಳಿದು ಕಳಿಸುತ್ತಿದ್ದ ಜಾಗ. ನಮ್ಮ ಬೀದಿ ಅದರ ಬೇಲಿಗೆ ಬೆನ್ನು ಹಾಕಿ ನಿಂತಿತ್ತು. ಬೀದಿಯ ಗಂಡಸರೆಲ್ಲ ದುಡಿಯುತ್ತಿದ್ದದ್ದು ಅಲ್ಲೇ. ಡಿಪೋದ ಹಿಂಭಾಗದಲ್ಲೊಂದು ದೊಡ್ಡ ಗುಂಡಿ. ಹಳೇ ಎಣ್ಣೆ, ಗಟ್ಟಿಯಾದ ಬಣ್ಣ, ಒಡೆದ ಬ್ಯಾಟರಿ, ಗಾಡಿ ತೊಳೆದ ರಾಡಿ ಎಲ್ಲವನ್ನೂ ಅದಕ್ಕೆ ಸುರಿದು ಬೆಂಕಿ ಕೊಡುತ್ತಿದ್ದರು. ಸುಡುಗುಂಡಿ ಅನ್ನುತ್ತಿದ್ದರು. ಅದು ತುಂಬಿ ಬಂದಾಗ ಅಂಚಿನ ಕರಿ ಮಣ್ಣನ್ನು ಕೆರೆದು ಒಂದು ಮೂಲೆಗೆ ಗುಡ್ಡೆ ಹಾಕುತ್ತಿದ್ದರು. ಮಳೆಗಾಲ ಬಂದು ಹೋದರೂ ಆ ಗುಡ್ಡೆಯ ಮೇಲೆ ಒಂದು ಕಳೆ ಹುಟ್ಟುತ್ತಿರಲಿಲ್ಲ, ಒಂದು ಇರುವೆ ಗೂಡು ಕಟ್ಟುತ್ತಿರಲಿಲ್ಲ. ಅಪ್ಪ ಅದನ್ನು ದಿನಾ ನೋಡುತ್ತಿದ್ದ. ನೋಡಿ ನೋಡಿ, ಎಂಥ ಚೊಕ್ಕ ಮಣ್ಣು ಎಂದುಕೊಂಡ.

ಅದೇ ನಮ್ಮ ಬೀದಿಯ ತಪ್ಪು. ಏನೂ ಹುಟ್ಟದ್ದನ್ನು ನಾವು ಚೊಕ್ಕ ಎಂದು ತಿಳಿದೆವು. ಕಳೆ ಕೀಳುವವರಿಗೆ ಕಳೆ ಬಾರದ ಮಣ್ಣು ಸಿಕ್ಕರೆ ಮತ್ತೇನು ಅನಿಸುತ್ತದೆ ಹೇಳಿ.

ಗುಡ್ಡೆಯನ್ನು ಎಲ್ಲಾದರೂ ಚೆಲ್ಲಿ ಬಾ ಎಂದಿದ್ದರಂತೆ ಡಿಪೋದ ಸಾಹೇಬರು. ಅಪ್ಪ ಕೈಕಟ್ಟಿ, "ನಮ್ ಬೀದಿಗೆ ಒಯ್ಯಲಾ ಸರ್? ಅಂಗಳ ಎಲ್ಲ ತಗ್ಗು, ಮಳೆ ಬಂದ್ರೆ ಹೊಸ್ತಿಲ ತನಕ ಕೆಸರು," ಎಂದು ಕೇಳಿದ. "ಒಯ್ಯಿ, ಒಯ್ಯಿ, ಪೂರ್ತಿ ಒಯ್ಯಿ," ಅಂದರಂತೆ. ಸಾಹೇಬರ ಬಂಗಲೆಯ ಅಂಗಳವೂ ತಗ್ಗಿನಲ್ಲೇ ಇತ್ತು. ಅಲ್ಲಿಗೆ ಒಂದು ಬುಟ್ಟಿಯೂ ಹೋಗಲಿಲ್ಲ. ತಮಗೆ ಇಟ್ಟುಕೊಳ್ಳದೆ ಎಲ್ಲ ನಮಗೇ ಬಿಟ್ಟರಲ್ಲ, ಎಂಥ ದೊಡ್ಡ ಮನಸ್ಸು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಆ ಮಾತು ನೆನಪಾದಾಗಲೆಲ್ಲ ನಾನು ಹಲ್ಲು ಕಡಿಯುತ್ತೇನೆ. ಹೊರಗಿನವರು ಡಿಪೋದೊಳಗೆ ಹೋಗದಿರಲಿ ಎಂದು ಮುಳ್ಳುತಂತಿ ಇತ್ತು, ಕಾವಲಿತ್ತು, ನಾಯಿ ಇತ್ತು. ಒಳಗಿನದು ಹೊರಗೆ ಹೋಗದಿರಲಿ ಎಂದು ಏನೂ ಇರಲಿಲ್ಲ.

ಅಪ್ಪ ಲಾರಿಗಟ್ಟಲೆ ತಂದ. ಒಂದು ಮನೆಯನ್ನೂ ಬಿಡಲಿಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಹೆಂಗಸರು ಮಕ್ಕಳೆಲ್ಲ ಸಲಿಕೆ ಹಲಗೆ ಹಿಡಿದು ಬೀದಿಗಿಳಿದರು. ನಾನಾಗ ಎಳೆ ಹುಡುಗ. ಸುರಿದ ಮಣ್ಣಿನ ಮೇಲೆ ಎಲ್ಲ ಮಕ್ಕಳನ್ನೂ ಹತ್ತಿಸಿ ತುಳಿಸಿದ್ದು, ನೆಲ ಗಟ್ಟಿಯಾಗಲಿ ಎಂದು ನಾವು ಕೈಕೈ ಹಿಡಿದು ಕುಣಿದದ್ದು, ಕಾಲೆಲ್ಲ ಕಪ್ಪಾಗಿ ಅಮ್ಮನಿಂದ ಬೈಸಿಕೊಂಡದ್ದು ನಿನ್ನೆ ನಡೆದ ಹಾಗೆ ನೆನಪಿದೆ. ಆ ದಿನದಷ್ಟು ಸಂತೋಷ ನಮ್ಮ ಬೀದಿಯಲ್ಲಿ ನಾನು ಮತ್ತೆ ನೋಡಿಲ್ಲ. ಮಣ್ಣಿಗೆ ಒಳ್ಳೆ ಮಣ್ಣು ಎಂದು ಹೆಸರು ಬಿತ್ತು. ಅಪ್ಪನಿಗೆ ಲಾರಿಯಣ್ಣ ಎಂದು ಹೆಸರು ಬಿತ್ತು. ಅಂದಿನಿಂದ ಯಾರ ಮನೆಯಲ್ಲಿ ಏನೇ ನಡೆದರೂ ಮೊದಲ ಕುರ್ಚಿ ಲಾರಿಯಣ್ಣನದು.

ಮುಂದೆ ಡಿಪೋ ಮುಚ್ಚಿತು. ಗಂಡಸರು ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಅಮ್ಮ ಕಾಯಿಲೆ ಬಿದ್ದಳು, ನಾನು ಶಾಲೆ ಬಿಟ್ಟೆ, ಅಮ್ಮ ಹೋದಳು. ಬೇಲಿಯಾಚೆ ಜಾಗ ಹಾಳು ಬಿದ್ದಿತ್ತು. ಕೊನೆಗೊಂದು ದಿನ ಅದನ್ನು ಶುಚಿ ಮಾಡಲು ಕಂಪನಿಯೊಂದು ಬಂತು; ಜೆಸಿಬಿ, ಟ್ಯಾಂಕರು, ಮೈ ಪೂರ್ತಿ ಮುಚ್ಚುವ ಬಿಳಿ ಸೂಟುಗಳ ರಾಶಿ. ಕೆಲಸಕ್ಕೆ ಜನ ಬೇಕಿತ್ತು. ಗ್ಯಾರೇಜು ಗೋದಾಮು ಎಂದು ಅಲೆದು ಎಲ್ಲ ಕಡೆಯೂ ಜಗಳವಾಡಿ ಬಿಟ್ಟುಬಂದಿದ್ದ ನನ್ನನ್ನೂ ತೆಗೆದುಕೊಂಡರು.

ಕೆಲಸ ಇಷ್ಟು: ಮೊದಲು ನೆಲಕ್ಕೆ ನೀರು ಚಿಮುಕಿಸಬೇಕು, ಧೂಳೇಳಬಾರದು. ಆಮೇಲೆ ಅಗೆಯಬೇಕು. ಅಗೆದದ್ದನ್ನು ಪ್ಲಾಸ್ಟಿಕ್ ಹಾಸಿದ ಲಾರಿಗೆ ತುಂಬಿ, ಟಾರ್ಪಾಲು ಬಿಗಿದು, ಚಕ್ರ ತೊಳೆದು ಹೊರಗೆ ಬಿಡಬೇಕು. ಸೂಟಿನೊಳಗೆ ಬೆವರು ಧಾರೆಯಾಗಿ ಬೂಟಿಗಿಳಿಯುತ್ತದೆ. ಮಾಸ್ಕಿನೊಳಗೆ ನಿಮ್ಮ ಉಸಿರು ನಿಮಗೇ ಸಾಕಾಗುತ್ತದೆ. ಬೆನ್ನು ತುರಿಸಿದರೆ ದೇವರೇ ಗತಿ.

ಕೆಲಸ ಶುರುವಾಗುವ ಮೊದಲೇ, ಮಣ್ಣು ಪರೀಕ್ಷೆ ಮಾಡುವ ಮೇಡಂ ನಮ್ಮ ಬೀದಿಯವರನ್ನೆಲ್ಲ ನೀರಿನ ಟ್ಯಾಂಕಿನ ನೆರಳಿಗೆ ಸೇರಿಸಿದ್ದರು. ಒಳ್ಳೆಯ ಹೆಂಗಸು, ಎಲ್ಲರನ್ನೂ ಕೂರಿಸಿ ತಾವು ನಿಂತೇ ಮಾತಾಡಿದರು. "ಒಳಗಿನ ಮಣ್ಣು ಕೆಟ್ಟಿದೆ. ಅದರಲ್ಲಿ ಸೀಸ ಇದೆ, ಮಕ್ಕಳಿಗೆ ಅಪಾಯ. ನಿಮ್ಮಲ್ಲಿ ಯಾರಾದರೂ ಆ ಕೆಟ್ಟ ಮಣ್ಣನ್ನು ಯಾವತ್ತಾದರೂ ಮನೆ ಕಡೆ ತಂದಿದ್ದೀರಾ?" ಎಂದು ಕೇಳಿದರು.

ಎಲ್ಲರೂ ಮುಖ ಮುಖ ನೋಡಿಕೊಂಡು ನಕ್ಕರು.

"ಏನ್ ಮೇಡಂ ಇದು," ಅಂದಳು ಟೈಲರ್ ಅತ್ತೆ. "ಕೆಟ್ಟ ಮಣ್ಣನ್ನ ಯಾರಾದ್ರೂ ಮನೆಗೆ ಹೊತ್ಕೊಂಡ್ ಬರ್ತಾರಾ? ಬಡವರು ನಾವು, ಪೆದ್ದರಲ್ಲ."

"ನಾನು ಅಲ್ಲೇ ಲಾರಿ ಓಡಿಸಿದೋನು ಮೇಡಂ," ಅಂದ ಅಪ್ಪ. "ನನಗೆ ಗೊತ್ತಿಲ್ದೆ ಅಲ್ಲಿಂದ ಹುಲ್ಲುಕಡ್ಡೀನೂ ಆಚೆ ಬರ್ತಿರಲಿಲ್ಲ. ಕೆಟ್ಟ ಮಣ್ಣು ಒಂದು ಬುಟ್ಟಿ ಬಂದಿಲ್ಲ."

"ಲಾರಿಯಣ್ಣ ಹೇಳಿದ್ ಮೇಲೆ ಮುಗೀತು," ಎಂದು ಸೈಕಲ್ ಷಾಪಿನವನು ಎದ್ದೇಬಿಟ್ಟ.

ಒಬ್ಬರೂ ಸುಳ್ಳು ಹೇಳಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಬ್ಬರ ಮನಸ್ಸಿನಲ್ಲೂ ಕಳ್ಳತನವಿರಲಿಲ್ಲ. ನಾನೂ ಅಲ್ಲೇ ಇದ್ದೆ, ನನಗೂ ಹೊಳೆಯಲಿಲ್ಲ. ಅವರು ಕೇಳಿದ್ದು ಕೆಟ್ಟ ಮಣ್ಣನ್ನು. ನಮ್ಮ ಹತ್ತಿರ ಇದ್ದದ್ದು ಒಳ್ಳೆ ಮಣ್ಣು.

ಹೀಗಾಗಿ ಕೆಲಸವೆಲ್ಲ ಬೇಲಿಯ ಒಳಗೆ ಮಾತ್ರ ಎಂದು ತೀರ್ಮಾನವಾಯಿತು.

ಸುಡುಗುಂಡಿಯ ಸರದಿ ಬಂದದ್ದು ತೀರ ಕೊನೆಗೆ. ಮೇಲಿನ ಹಳದಿ ಮಣ್ಣನ್ನು ಜೆಸಿಬಿ ತೆಗೆಯಿತು. ಮೂಲೆಯಲ್ಲಿ ಅದರ ಕೈ ಹೋಗದ ಜಾಗಕ್ಕೆ ನಾನು ಸಲಿಕೆ ಹಿಡಿದು ಇಳಿದೆ. ಬಗ್ಗಿದಾಗ ಮಾಸ್ಕಿನ ಪಟ್ಟಿ ಕಿತ್ತುಹೋಯಿತು. ಒಂದೇ ಒಂದು ಉಸಿರು ಒಳಗೆ ಹೋಯಿತು.

ಅಮ್ಮ!

ಬೇರೆ ಏನು ಹೇಳಲಿ. ಅಮ್ಮ ಕಾಲು ಚಾಚಿ ಕೂತಿದ್ದಳು. ಅಕ್ಕ ತಲೆ ಕೊಟ್ಟು ಮಲಗಿದ್ದಳು. ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು, ಒಳಗೆ ಅಪ್ಪ ಮುಖ ತೊಳೆಯುವ ಸದ್ದು ಕೇಳುತ್ತಿತ್ತು. ಎಷ್ಟೋ ವರ್ಷದಿಂದ ಕಳೆದುಹೋಗಿದ್ದದ್ದು ಆ ಗುಂಡಿಯಲ್ಲಿ ನನ್ನ ಕಾಲಡಿ ಸಿಕ್ಕಿತು. ಆ ಕ್ಷಣ ನನಗೆ ಎಷ್ಟು ಖುಷಿಯಾಯಿತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಇನ್ನೊಂದು ಸಲ ಉಸಿರೆಳೆದುಕೊಂಡೆ.

ಆಮೇಲೆ ಸಲಿಕೆಯ ಮೇಲಿದ್ದ ಮಣ್ಣನ್ನು ನೋಡಿದೆ. ಕಪ್ಪು, ನುಣುಪು, ಒಂದು ಬೇರಿಲ್ಲ, ಒಂದು ಹುಳವಿಲ್ಲ.

"ಲೋ, ಮಾಸ್ಕ್ ಹಾಕ್ಕೊಳೋ ಕತ್ತೆ!" ಎಂದು ಮೇಲಿಂದ ಮೇಸ್ತ್ರಿ ಕಿರುಚುತ್ತಿದ್ದ. ನಾನು ಸಲಿಕೆ ಅಲ್ಲೇ ಬಿಟ್ಟು ಮೇಲೆ ಹತ್ತಿ ಸೂಟು ಕಿತ್ತೆಸೆದೆ.

ಮನೆಗೆ ಓಡಿಬಂದೆ. ಅಕ್ಕ ಹಿಂದಿನ ಬೀದಿಯಲ್ಲಿರುತ್ತಾಳೆ. ಬೇಕರಿ ಕೆಲಸಕ್ಕೆ ಹೋಗುವಾಗ ಮಗಳು ಪುಟ್ಟಿಯನ್ನು ಅಪ್ಪನ ಹತ್ತಿರ ಬಿಟ್ಟುಹೋಗುತ್ತಾಳೆ. ಪುಟ್ಟಿ ಅಂಗಳದ ನಡುವೆ ಕೂತು ಚಮಚದಿಂದ ನೆಲ ಕೆರೆಯುತ್ತಿತ್ತು. ಬಾಯಿಯ ಸುತ್ತ ಕಪ್ಪು ಮೀಸೆ. ಅಪ್ಪ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡಿ ನಗುತ್ತಿದ್ದ. ನಾನು ಹೋದವನೇ ಮಗುವನ್ನು ಎತ್ತಿಕೊಂಡು ಬಾಯಿಗೆ ಬೆರಳು ಹಾಕಿ ತೊಳೆದೆ. ಅದು ಮುಗಿಲು ಹರಿಯುವ ಹಾಗೆ ಅತ್ತಿತು.

"ಬಿಡೋ, ಬಿಡೋ! ಏನಾಯ್ತು ನಿಂಗೆ?" ಎಂದು ಅಪ್ಪ ಎದ್ದ. "ಒಳ್ಳೆ ಮಣ್ಣು ಅದು. ನೀನೇನ್ ಕಮ್ಮಿ ತಿಂದಿದ್ಯಾ?"

"ಅದು ಸುಡುಗುಂಡಿ ಮಣ್ಣಪ್ಪ!"

"ಸುಡುಗುಂಡೀದಲ್ಲ. ಪಕ್ಕದ ಗುಡ್ಡೇದು."

"ಗುಡ್ಡೆಗೆ ಎಲ್ಲಿಂದ ಬಂತು?"

ಅಪ್ಪ ಅಂಗಳದ ಕಡೆ ಕೈ ತೋರಿಸಿದ. "ಇರುವೆ ಕೂಡ ಬರಲ್ಲ ಕಣೋ ಅದಕ್ಕೆ," ಅಂದ. ಅಂದ ಮೇಲೆ ಆ ಮಾತನ್ನು ತಾನೇ ಕೇಳಿಸಿಕೊಂಡ. ಮೆಟ್ಟಿಲ ಮೇಲೆ ನಿಧಾನಕ್ಕೆ ಕೂತ, ಬಸ್ಸಿನಲ್ಲಿ ಸೀಟು ಹಿಂದೆ ಇದೆಯೋ ಇಲ್ಲವೋ ಎಂದು ಕೈಯಲ್ಲಿ ತಡವಿ ಕೂರುವವರ ಹಾಗೆ.

ನನ್ನ ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ. "ನಾಳೆ ಮೇಡಂಗೆ ಹೇಳ್ತೀನಿ. ಜೆಸಿಬಿ ಇರೋದು ಇನ್ನು ಸ್ವಲ್ಪ ದಿನ. ಹೋದ್ಮೇಲೆ ಯಾರೂ ಬರಲ್ಲ. ಇದೇ ಅಂಗಳದಲ್ಲಿ ಇವಳು ಬೆಳೀಬೇಕಾಗುತ್ತೆ."

"ಹೇಳು," ಅಂದ ಅಪ್ಪ. ಪುಟ್ಟಿ ಬಿಟ್ಟ ಚಮಚ ಎತ್ತಿಕೊಂಡು, "ಹೇಳಿದ್ರೆ ಬೀದಿಯವರು ಏನಂತಾರೆ?" ಅಂದ.

"ಅಂದ್ಕೊಳ್ಳಲಿ."

"ನಿಂಗೆ ಸುಲಭ. ನಿನ್ ಜೊತೆ ಈಗ್ಲೂ ಯಾರೂ ಮಾತಾಡಲ್ಲ."

ಅದು ನಿಜ. ಪುಟ್ಟಿ ನನ್ನ ಹೆಗಲ ಮೇಲೆ ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋಯಿತು. ಅಪ್ಪನಿಗೆ ಬೇರೆ ಏನೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಕೆಲಸ ಹೋಗಿದೆ, ಅಮ್ಮ ಹೋಗಿದ್ದಾಳೆ. ಬೀದಿಯಲ್ಲಿ ನಡೆದರೆ ಹತ್ತು ಬಾಗಿಲಿಂದ "ಲಾರಿಯಣ್ಣ, ಟೀ ಕುಡ್ಕೊಂಡ್ ಹೋಗು" ಎಂದು ಕರೆಯುತ್ತಾರಲ್ಲ, ಅಷ್ಟೇ ಅವನ ಆಸ್ತಿ. ಆ ಹೆಸರು ಬಿದ್ದದ್ದೇ ಈ ಮಣ್ಣಿನಿಂದ.

"ನಾನೇ ಹೇಳ್ತೀನಿ," ಅಂದ ಅಪ್ಪ. "ನನ್ ಬಾಯಿಂದ ಹೇಳ್ತೀನಿ. ಮೊದ್ಲು ಟೈಲರ್ ತಂಗಿಗೆ. ನೀನು ಬಾಯಿ ಮುಚ್ಕೊಂಡಿರು."

ಅವನ ಹಿಂದೆಯೇ ಹೋದೆ. ಅತ್ತೆ ಜಗುಲಿಯಲ್ಲಿ ಮೆಷಿನ್ ತುಳಿಯುತ್ತಿದ್ದಳು. ಗಂಡ ಹೋದ ಮೇಲೆ ಆ ಮೆಷಿನ್ನೇ ಅವಳ ಜೊತೆ.

"ಬಾ ಅಣ್ಣ, ಬಾ. ಕೂತ್ಕೋ. ಏನ್ ಮುಖ ಹೀಗಿದೆ, ಮಗ ಮತ್ತೆ ಕೆಲಸ ಬಿಟ್ನಾ?"

"ಇಲ್ಲಮ್ಮ. ಅಂಗಳ... ಅಂಗಳದ ವಿಷ್ಯ ಹೇಳೋಣ ಅಂತ."

"ಅಂಗಳನಾ? ಮೊನ್ನೆ ತಾನೇ ನೆನೆಸ್ಕೊಂಡೆ. ನಮ್ ತಮ್ಮನ ಹೆಂಡ್ತಿ ಬಂದಿದ್ಲು. ಅವಳ ಮನೆ ಮುಂದೆ ಮೊಣಕಾಲುದ್ದ ಕಳೆಯಂತೆ. ನಮ್ ಅಂಗಳ ನೋಡಿ ಹೊಟ್ಟೆ ಉರ್ಕೊಂಡ್ಲು ನೋಡು, ಇವತ್ತಿಗೂ ಉರೀತಿರಬೇಕು! ನಮ್ ಲಾರಿಯಣ್ಣ ಹಾಕ್ಸಿದ್ದು ಅಂದೆ. ನಿನ್ ಕೈ ತಣ್ಣಗಿರಲಿ ಕಣಣ್ಣ."

ಅಪ್ಪ ನನ್ನ ಕಡೆ ನೋಡಿದ. ಆ ಕಣ್ಣು ನನಗೆ ನೋಡಲಾಗಲಿಲ್ಲ. "ಹೌದೌದು," ಅಂದ. ಅವಳು ಕೊಟ್ಟ ಟೀ ಕುಡಿದ. ಲೋಟ ಇಟ್ಟು ಎದ್ದುಬಂದ. ದಾರಿಯಲ್ಲಿ ನಾನು, "ಇದೇನಾ ನೀನು ಹೇಳಿದ್ದು?" ಎಂದು ಗುರ್ ಅಂದೆ.

"ಟೀ ಕೊಟ್ಲಲ್ಲೋ," ಅಂದ ಅಪ್ಪ.

ಮಾರನೇ ದಿನ ಬೆಳಿಗ್ಗೆ ಸಲಿಕೆಯ ಸದ್ದಿಗೆ ಎದ್ದೆ. ಅಪ್ಪ ಪುಟ್ಟಿ ಬರುವುದರೊಳಗೆ ನಮ್ಮ ಅಂಗಳ ಅಗೆಯಲು ನಿಂತಿದ್ದ. ಅಷ್ಟು ವರ್ಷ ತುಳಿದ ನೆಲ ಸುಲಭಕ್ಕೆ ಬಿಡುತ್ತದೆಯೇ, ಸಲಿಕೆ ಠಣ್ ಎಂದು ಹಿಂದೆ ನೆಗೆಯುತ್ತಿತ್ತು. ಬೀದಿ ಆಗಲೇ ಎದ್ದಿತ್ತು. ಬ್ರಷ್ಷು ಬಾಯಲ್ಲಿಟ್ಟುಕೊಂಡು, ಕೊಡ ಹಿಡಿದುಕೊಂಡು ಜನ ನಿಂತು ನೋಡುತ್ತಿದ್ದರು.

"ಅಪ್ಪ, ಮೊದ್ಲು ನೀರು ಹಾಕು! ಧೂಳೇಳುತ್ತೆ!" ಎಂದು ನಾನು ಬನಿಯನ್ನಲ್ಲೇ ಹೊರಗೆ ಓಡಿದೆ. ಬಕೆಟ್ಟು ತಂದು ಸುರಿದೆ. ಆ ವಾಸನೆ ಎದ್ದಿತು. ಅಪ್ಪನಿಗೂ ಅಮ್ಮ ಕಂಡಳು ಅನ್ನುವುದು ಅವಳು ಕೂರುತ್ತಿದ್ದ ಜಾಗ ಬಿಟ್ಟು ಅವನು ಪಕ್ಕಕ್ಕೆ ಸರಿದದ್ದರಲ್ಲೇ ಗೊತ್ತಾಯಿತು.

"ಏನ್ ಲಾರಿಯಣ್ಣ, ನಿಧಿ ಗಿಧಿ ಇದೆಯಾ?" ಎಂದ ಸೈಕಲ್ ಷಾಪಿನವನು. ಎಲ್ಲರೂ ನಕ್ಕರು.

ಅಪ್ಪ ಸಲಿಕೆ ಊರಿ ನಿಂತ. "ಇದು ಕೆಟ್ಟ ಮಣ್ಣು," ಅಂದ.

ಯಾರಿಗೂ ಅರ್ಥವಾಗಲಿಲ್ಲ. ನಮ್ಮ ಅಂಗಳದ ಬಗ್ಗೆ ಆ ಎರಡು ಮಾತನ್ನು ಯಾರೂ ಜೊತೆಯಾಗಿ ಕೇಳಿದ್ದೇ ಇರಲಿಲ್ಲ.

"ಕೆಟ್ಟ ಮಣ್ಣು ಇದು. ಆ ಮೇಡಂ ಕೇಳಿದ್ರಲ್ಲ, ಅದು ಇದೇ. ನಿಮ್ಮೆಲ್ಲರ ಮನೆ ಮುಂದೆ ಇರೋದೂ ಇದೇ. ತಂದು ಹಾಕಿದ್ದು ನಾನು. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದ್ರೆ ಮುಗೀತಾ, ಮುಗಿಯಲ್ಲ. ಮಕ್ಕಳನ್ನ ಅಂಗಳಕ್ಕೆ ಬಿಡಬೇಡಿ."

ನಗು ಎಲ್ಲಿ ಹೋಯಿತೋ. ಸೈಕಲ್ ಷಾಪಿನವನು ಬಾಯಿಯ ನೊರೆ ಉಗಿದ. ಅವನ ಕಿರಿ ಮಗ ಇಷ್ಟು ದೊಡ್ಡವನಾದರೂ ಹೇಳಿದ್ದು ಬೇಗ ತಲೆಗೆ ಹೋಗದ ಹುಡುಗ. ಷಾಪಿನವನು ನನ್ನಪ್ಪನನ್ನು ನೋಡಿದ, ತನ್ನ ಅಂಗಳವನ್ನು ನೋಡಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಬ್ಬೊಬ್ಬರೇ ಹೋದರು. ಬೈದಿದ್ದರೆ ನಾನು ಮೇಲೆ ಬಿದ್ದು ಜಗಳವಾಡುತ್ತಿದ್ದೆ, ನನಗೂ ಸಮಾಧಾನವಾಗುತ್ತಿತ್ತು. ಯಾರೂ ಬೈಯಲಿಲ್ಲ. ಟೈಲರ್ ಅತ್ತೆ ತನ್ನ ಜಗುಲಿಯಲ್ಲಿ ನಿಂತೇ ಇದ್ದಳು. ಆಮೇಲೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಒಳಗೆ ಹೋದಳು.

ನಾನು ಹೋಗಿ ಹೇಳಿದ ಮೇಲೆ ಮೇಡಂ ಬಂದರು. ಸಲಾಕೆಯಿಂದ ಪ್ರತಿ ಅಂಗಳ ಕೊರೆದು ಗಾಜಿನ ಬಾಟಲಿಗೆ ಮಣ್ಣು ತುಂಬಿಕೊಂಡು ಹೋದರು. ಬೀದಿಯ ಮಕ್ಕಳದೆಲ್ಲ ರಕ್ತ ತೆಗೆದರು. ಪುಟ್ಟಿಯ ರಕ್ತದಲ್ಲಿ ಸೀಸ ಇತ್ತು. ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಮಣ್ಣಿನಿಂದ ದೂರವಿಟ್ಟರೆ ಇಳಿಯುತ್ತಾ ಹೋಗುತ್ತದೆ ಎಂದರು ಡಾಕ್ಟರು. ಅಕ್ಕ ಅಪ್ಪನ ಜೊತೆ ಕೆಲವು ದಿನ ಮಾತು ಬಿಟ್ಟಳು. ಮತ್ತೆ ತಾನಾಗೇ ಬಂದು ಅವನ ತಟ್ಟೆಗೆ ಬ್ರೆಡ್ಡು ಹಾಕಿದಳು, ಮುಖ ನೋಡದೆ.

ಕಂಪನಿಯವರು ಗೊಣಗಿದರು, ಮೇಡಂ ಪಟ್ಟು ಹಿಡಿದರು, ಜೆಸಿಬಿ ನಮ್ಮ ಬೀದಿಗೆ ತಿರುಗಿತು. ನಾನು ಬಿಳಿ ಸೂಟು ತೊಟ್ಟು ನಾನು ಗೋಲಿಯಾಡಿದ ಅಂಗಳಗಳನ್ನು ಒಂದೊಂದಾಗಿ ಅಗೆದೆ. ಮಗ್ಗಿ ತಪ್ಪಿದಾಗ ಅಮ್ಮ ನನ್ನ ಕಿವಿ ಹಿಂಡಿದ ಜಾಗ, ಅಕ್ಕ ಸೈಕಲ್ಲಿಂದ ಬಿದ್ದ ಜಾಗ, ಸೈಕಲ್ ಷಾಪಿನವನ ಮದುವೆಯಲ್ಲಿ ನಾವೆಲ್ಲ ಸಾಲಾಗಿ ಊಟಕ್ಕೆ ಕೂತ ಜಾಗ, ಎಲ್ಲ ಟಾರ್ಪಾಲಿನಡಿ ಹೋಯಿತು. ವಿಷವೆಂದು ಗೊತ್ತಿದ್ದೂ ಸಂಕಟವಾಗುತ್ತಿತ್ತು. ಸಂಕಟವಾಗುತ್ತದಲ್ಲ ಎಂದು ಇನ್ನೂ ಸಿಟ್ಟು ಬರುತ್ತಿತ್ತು. ನನ್ನ ಬಾಲ್ಯವನ್ನು ಹಾಳು ಮಾಡಿದ್ದಾರೆ ಎಂದು ಕೂಗೋಣವೆಂದರೆ, ನನಗೆ ಇದ್ದ ಒಳ್ಳೆಯ ಬಾಲ್ಯವೆಲ್ಲ ಅದರ ಮೇಲೆಯೇ ನಡೆದಿತ್ತು.

ಅತ್ತೆ ಮಾತ್ರ ಒಪ್ಪಲಿಲ್ಲ. ಮನೆಯವರು ಹೂಂ ಎನ್ನದೆ ಒಳಗೆ ಕಾಲಿಡುವ ಹಾಗಿಲ್ಲ. ಮೇಡಂ ಹೋಗಿ ಹೇಳಿದರು, ಮೇಸ್ತ್ರಿ ಹೋಗಿ ಹೇಳಿದ. "ನನ್ ಅಂಗಳದ ತಂಟೆಗೆ ಬರಬೇಡಿ," ಎಂದು ಕಿಟಕಿ ಎಳೆದುಕೊಂಡಳು. ಬೀದಿ ಉದ್ದಕ್ಕೂ ನೆಲ ತೆಗೆದು ಹೊಸ ಕೆಂಪು ಮಣ್ಣು ಹಾಕಿದೆವು. ನಡುವೆ ಅವಳದೊಂದು ಕಪ್ಪು ಚೌಕ ಹಾಗೇ ಉಳಿಯಿತು. ಜೆಸಿಬಿ ಹೊರಡುವ ದಿನ ಬಂತು. ಪುಟ್ಟಿಗೆ ಅವಳೆಂದರೆ ಪ್ರಾಣ. ಕಣ್ಣು ತಪ್ಪಿದರೆ ಅಲ್ಲಿಗೇ ಓಡುತ್ತಿತ್ತು.

ಅವತ್ತು ಮಧ್ಯಾಹ್ನ ಅಪ್ಪ ಅವಳ ಗೇಟಿನ ಹೊರಗೆ ಹೋಗಿ ನಿಂತ. ಒಳಗೆ ಹೋಗಲಿಲ್ಲ, ಕರೆಯಲೂ ಇಲ್ಲ, ಬಿಸಿಲಿನಲ್ಲಿ ಸುಮ್ಮನೆ ನಿಂತ. ನಾನು ಸೂಟಿನಲ್ಲಿ ಅವನ ಹಿಂದೆ. ಒಳಗೆ ಮೆಷಿನ್ ಓಡುತ್ತಿತ್ತು. ತುಂಬ ಹೊತ್ತಾದ ಮೇಲೆ ನಿಂತಿತು.

"ನಮ್ಮನೆಯವರು ಹೋಗಿದ್ದು ಇದ್ರಿಂದನಾ?" ಎಂದು ಅವಳ ದನಿ ಕಿಟಕಿಯಿಂದ ಬಂತು.

"ಗೊತ್ತಿಲ್ಲ ತಂಗಿ."

"ಅತ್ತಿಗೆ?"

ಅಂದರೆ ನನ್ನಮ್ಮ. ಅಪ್ಪ ಗೇಟನ್ನು ಹಿಡಿದುಕೊಂಡ. "ಅದೂ ಗೊತ್ತಿಲ್ಲ. ಡಾಕ್ಟರ್‌ನ ಕೇಳ್ದೆ. ಇಷ್ಟು ವರ್ಷ ಆದ್ಮೇಲೆ ಹೇಳಕ್ಕಾಗಲ್ಲ ಅಂದ್ರು. ಮತ್ತೆ ಹೋಗಿ ಕೇಳ್ದೆ. ಅದನ್ನೇ ಅಂದ್ರು."

ಅಪ್ಪ ಡಾಕ್ಟರ ಹತ್ತಿರ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಹೊರಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. "ನೀನು ಸುರಿದು ಹೋದೆ ಅಣ್ಣ. ಸಮ ಮಾಡಿದ್ದು ಅವರು. ಹಲಗೆ ಹಿಡ್ಕೊಂಡು, ನಾಲಿಗೆ ಹೀಗೆ ಆಚೆ ಹಾಕ್ಕೊಂಡು, ಇಡೀ ಭಾನುವಾರ ಎಳೆದ್ರು. ಎಳೆದಾದ ಮೇಲೆ ಒಂದು ಬಟ್ಟಲು ತುಂಬ ನೀರು ತಂದು ಮಧ್ಯೆ ಇಟ್ಟು, ನೋಡೇ, ಒಂದು ಹನಿ ವಾಲಿದ್ರೆ ಕೇಳು ಅಂದ್ರು. ನಂಗಿಂತ ಆ ಅಂಗಳದ ಮೇಲೇ ಪ್ರೀತಿ ಜಾಸ್ತಿ ಅಂತ ರೇಗಿಸ್ತಿದ್ದೆ. ಅವರು ಕೈಯಾರೆ ಮಾಡಿದ್ದು ಅಂತ ನನ್ ಹತ್ರ ಇರೋದು ಇದೊಂದೇ. ಇದನ್ನೂ ಲಾರಿಗೆ ಹಾಕ್ಕೊಂಡ್ ಹೋಗ್ತೀಯಾ?"

"ಹೋಗ್ತೀನಿ," ಅಂದ ಅಪ್ಪ. ಈ ಸಲ ಮಾತು ಬದಲಿಸಲಿಲ್ಲ. "ಮಗು ಬರುತ್ತೆ ಇಲ್ಲಿಗೆ. ಬೈಯಿ, ಹೊಡಿ, ನನ್ ಮುಖ ನೋಡಬೇಡ. ಹೋಗ್ತೀನಿ."

ಅವಳು ಅಂಗಳವನ್ನು ನೋಡುತ್ತ ನಿಂತಳು. ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ತೆಗೆದ್ ಮೇಲೆ ಸಮ ಮಾಡೋರು ಯಾರು? ಆ ಮೆಷಿನ್ನು ಬೇಡ. ಅದು ಎಮ್ಮೆ ಮಲಗಿದ ಹಾಗೆ ಮಾಡಿ ಹೋಗುತ್ತೆ, ಎಲ್ಲರ ಮನೇಲೂ ನೋಡಿದ್ದೀನಿ."

"ನಾನು ಮಾಡ್ತೀನತ್ತೆ," ಅಂದೆ. ಮಾಸ್ಕಿನೊಳಗಿಂದ ಕೇಳಿಸಿರಲಿಕ್ಕಿಲ್ಲ ಎಂದು ಅದನ್ನು ಕೆಳಗೆಳೆದು ಮತ್ತೆ ಹೇಳಿದೆ.

"ನೀನಾ? ಒಂದು ಕೆಲಸದಲ್ಲಿ ನಿಂತಿದ್ದೀಯಾ ನೀನು ಹುಟ್ಟಿದಾಗಿನಿಂದ?" ಅಂದಳು. ಆದರೆ ಗೇಟಿನ ಚಿಲಕ ತೆಗೆದಳು.

ಅಗೆದೆವು, ತುಂಬಿದೆವು, ಚಕ್ರ ತೊಳೆದೆವು. ಲಾರಿ ಹೋಗುವವರೆಗೂ ಅವಳು ಮನೆಯೊಳಗೇ ಇದ್ದಳು. ಕೆಂಪು ಮಣ್ಣು ಬಿದ್ದ ಮೇಲೆ ನಾನು ಸೂಟು ಬಿಚ್ಚಿ, ಕೈಕಾಲು ತೊಳೆದು, ಉದ್ದದೊಂದು ಹಲಗೆ ತಂದೆ. ಅಪ್ಪ ಒಂದು ತುದಿ ಹಿಡಿಯಲು ಬಂದ. "ಅವನು ಬೇಡ," ಎಂದು ಅತ್ತೆ ಜಗುಲಿಯಿಂದಲೇ ಹೇಳಿದಳು, ಅವನ ಕಡೆ ನೋಡದೆ. "ಅವನು ನೆರಳಲ್ಲಿ ಕೂರಲಿ. ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತಿದ್ದಾನೆ." ಅಪ್ಪ ಗೇಟಿನಾಚೆ ನೆರಳಿಗೆ ಹೋಗಿ ಕೂತ. ಅವಳು ಕುರ್ಚಿ ಹಾಕಲಿಲ್ಲ, ಟೀ ಕೊಡಲಿಲ್ಲ. ಇವತ್ತಿಗೂ ಕೊಟ್ಟಿಲ್ಲ.

ನಾನೊಬ್ಬನೇ ಹಲಗೆ ಎಳೆದೆ. ಹೊಸ ಮಣ್ಣು ಸಡಿಲ, ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಕಲ್ಲು ಬೇರೆ. ಬೆವರು ಕಣ್ಣಿಗಿಳಿಯಿತು.

"ಆ ಮೂಲೆ ಎತ್ತರ ಆಯ್ತು," ಅಂದಳು ಅತ್ತೆ. "ಕಣ್ಣಿದ್ಯಾ ನಿಂಗೆ? ಬಾಗಿಲ ಕಡೆ ಇನ್ನೊಂದ್ ಬುಟ್ಟಿ ಹಾಕು. ನಿಮ್ಮ ಮಾವ ಆಗಿದ್ರೆ ಈಗಾಗಲೇ ಎರಡು ಸಲ ಎಳೆದಿರ್ತಿದ್ರು."

"ಮಾವನಿಗೆ ನೀವು ಹೀಗೇ ಬೈತಿದ್ರಾ?"

"ಇನ್ನೂ ಜಾಸ್ತಿ ಬೈತಿದ್ದೆ. ಮಾತಾಡದೆ ಎಳಿ."

ಎಳೆದೆ.